ಭಾಗಿಸಿದ ಮೇಲೆ ಉಳಿಯುವ ಶೇಷ

ಶಿವರಾತ್ರಿಯ ಜಾತ್ರೆಗೆಂದು ಹನೂರಿನಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ 500 ಮಂದಿ ಭಕ್ತರು ಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಒಂದು ಬಸ್ಸಿನಲ್ಲಿ 48 ಮಂದಿಗೆ ಸ್ಥಳವುಂಟು. ತಾಳಬೆಟ್ಟದಿಂದಾಚೆಗೆ ಘಟ್ಟದ ತಿರುವುಗಳಿರುವುದರಿಂದ ನಿಂತು ಪ್ರಯಾಣ ಮಾಡುವುದಕ್ಕೆ ಯಾರಿಗೂ ಅನುಮತಿ ಇಲ್ಲ. ಹಾಗಾದರೆ ಎಷ್ಟು ಬಸ್ಸುಗಳು ಬೇಕು?

500ನ್ನು 48ರಿಂದ ಭಾಗಿಸಿದರೆ ಭಾಗಲಬ್ಧ 10, ಶೇಷ 20. ಇಷ್ಟನ್ನು ಪ್ರಾಥಮಿಕ ಶಾಲೆಯ ಬಾಲಕನೂ ಮಾಡಬಲ್ಲನು. ಆದರೆ ಉತ್ತರವಾಗಿ 10 ಎಂದು ಬರೆದರೆ ಇಪ್ಪತ್ತು ಮಂದಿ ಹನೂರಿನ ನಿಲ್ದಾಣದಲ್ಲಿಯೇ ಉಳಿದುಹೋಗುತ್ತಾರೆ. ದಶಾಂಶದ ಅಭ್ಯಾಸವುಳ್ಳವನು 10.4166 ಎಂದಾನು, ಬಸ್ಸನ್ನು ಹಾಗೆ ತುಂಡರಿಸಿ ಕಳುಹಿಸಲು ಯಾವ ಡಿಪೋದವರೂ ಒಪ್ಪಲಾರರು. ಸರಿಯಾದ ಉತ್ತರ 11. ಈ ಹನ್ನೊಂದು ಎಂಬ ಅಂಕೆ ಭಾಗಾಕಾರದ ಸಾಲುಗಳಲ್ಲಿ ಎಲ್ಲಿಯೂ ಕಾಣಿಸದು. ಶೇಷವಾಗಿ ಉಳಿದವರು ಮನುಷ್ಯರು, ಅವರಿಗೂ ಒಂದು ಬಸ್ಸು ಬೇಕು ಎಂಬ ಅರಿವಿನಿಂದ ಅದು ಹುಟ್ಟುತ್ತದೆ.

ಇದೇನು ದೊಡ್ಡ ವಿಷಯ ಎಂದು ಓದುಗರಿಗೆ ತೋರಬಹುದು. ಅಮೆರಿಕ ದೇಶದಲ್ಲಿ 1983ರಲ್ಲಿ ವರದಿಯಾದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಇಂಥದೇ ಪ್ರಶ್ನೆಯನ್ನು ಕೊಟ್ಟಿದ್ದರು. 1128 ಸೈನಿಕರು, ಒಂದು ಬಸ್ಸಿಗೆ 36 ಮಂದಿ, ಬಸ್ಸುಗಳೆಷ್ಟು? ನೂರಕ್ಕೆ ಎಪ್ಪತ್ತು ಮಕ್ಕಳು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದರು. ಆದರೆ 32 ಎಂಬ ಸರಿಯುತ್ತರವನ್ನು ಕೊಟ್ಟವರು ನೂರಕ್ಕೆ 23 ಮಂದಿ ಮಾತ್ರ. ನೂರಕ್ಕೆ 29 ಮಂದಿ "31, ಶೇಷ 12" ಎಂದು ಬರೆದರು. ನೂರಕ್ಕೆ 18 ಮಂದಿ ಬರಿಯ 31 ಎಂದು ಬರೆದು ಹನ್ನೆರಡು ಸೈನಿಕರನ್ನು ಬಿಟ್ಟೇಬಿಟ್ಟರು! ಮಕ್ಕಳ ಕೈಗೆ ಭಾಗಾಕಾರ ಬಂದಿತ್ತು. ಪ್ರಶ್ನೆಯನ್ನು ಮತ್ತೊಮ್ಮೆ ಓದುವ ಅಭ್ಯಾಸ ಬಂದಿರಲಿಲ್ಲ. ನಮ್ಮ ಶಾಲೆಗಳಲ್ಲಿಯೂ ಕ್ರಮವನ್ನು ಕಲಿಸುವುದಕ್ಕೆ ಕೊಡುವಷ್ಟು ಸಮಯವನ್ನು ಉತ್ತರದ ಅರ್ಥವನ್ನು ವಿಚಾರಿಸುವುದಕ್ಕೆ ಕೊಡುವುದಿಲ್ಲವೆಂದು ನನ್ನ ಎಣಿಕೆ.

ಅದೇ ಅಂಕೆಗಳನ್ನು ಹಿಡಿದುಕೊಂಡು ಈಗ ಕೊಳ್ಳೇಗಾಲಕ್ಕೆ ಬರೋಣ. ಅಲ್ಲಿಯ ರೇಷ್ಮೆ ಸೀರೆಗಳು ಪ್ರಸಿದ್ಧವಾದುವಷ್ಟೆ. ನೇಯ್ಗೆಯವನೊಬ್ಬನಲ್ಲಿ 5000 ಗ್ರಾಂ ನೂಲಿದೆ. ಒಂದು ಸೀರೆಗೆ 480 ಗ್ರಾಂ ನೂಲು ಬೇಕು. ಎಷ್ಟು ಸೀರೆಗಳಾದಾವು? ಎರಡೂ ಸಂಖ್ಯೆಗಳ ಕೊನೆಯ ಸೊನ್ನೆಯನ್ನು ಹೊಡೆದುಹಾಕಿದರೆ ಮತ್ತೆ 500 ಮತ್ತು 48; ಭಾಗಲಬ್ಧ 10. ಇಲ್ಲಿ 11 ಎಂದರೆ ತಪ್ಪು. ಉಳಿದ ನೂಲು ಇನ್ನೊಂದು ಪೂರ್ತಿ ಸೀರೆಗೆ ಸಾಲದು. ಅದು ಮುಂದಿನ ನೇಯ್ಗೆಗೆಂದು ಕಾದಿರಬೇಕು. ಬಸ್ಸಿನ ಲೆಕ್ಕದಲ್ಲಿ ಶೇಷವು ಉತ್ತರವನ್ನು ಒಂದು ಹೆಚ್ಚಿಸಿತು, ಮಗ್ಗದ ಲೆಕ್ಕದಲ್ಲಿ ಉತ್ತರವನ್ನು ಮುಟ್ಟದೆ ಪಕ್ಕಕ್ಕೆ ಸರಿಯಿತು.

ಉಳಿದ ನೂಲು ಎಷ್ಟು? 20 ಗ್ರಾಂ ಎನ್ನುವವರೇ ಹೆಚ್ಚು. ಹತ್ತು ಸೀರೆಗಳಿಗೆ 4800 ಗ್ರಾಂ ಹೋದರೆ ಉಳಿಯುವುದು 200 ಗ್ರಾಂ! ಸೊನ್ನೆಗಳನ್ನು ಹೊಡೆದಾಗ ನಾವು ತಿಳಿಯದೆಯೇ ನೂಲನ್ನು ಹತ್ತು ಹತ್ತು ಗ್ರಾಂಗಳ ತುಣುಕುಗಳಾಗಿ ಎಣಿಸತೊಡಗಿದೆವು. ಶೇಷವಾಗಿ ಬಂದ 20 ಅಂಥ ಇಪ್ಪತ್ತು ತುಣುಕುಗಳು. ಭಾಜ್ಯ ಭಾಜಕಗಳೆರಡನ್ನೂ ಒಂದೇ ಸಂಖ್ಯೆಯಿಂದ ಕಿರಿದುಮಾಡಿದರೆ ಭಾಗಲಬ್ಧವು ಬದಲಾಗದು, ಶೇಷವು ಮಾತ್ರ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಅದನ್ನು ಮತ್ತೆ ಹಿರಿದುಮಾಡಲು ಮರೆಯಬಾರದು. ಇನ್ನೊಂದು ಮಾತು: 5000 ಗ್ರಾಂ ಎಂದದ್ದು ಕಚ್ಚಾ ರೇಷ್ಮೆಯ ತೂಕವೋ ಅಂಟು ತೆಗೆದ ನೂಲಿನ ತೂಕವೋ ಎಂದು ಮೊದಲೇ ಕೇಳಬೇಕು. ರೇಷ್ಮೆಯನ್ನು ಕುದಿಸಿ ಅಂಟನ್ನು ತೆಗೆದರೆ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಕಳೆದುಹೋಗುತ್ತದೆ. ಆಗ ಉಳಿಯುವ 3750 ಗ್ರಾಂನಲ್ಲಿ ಆಗುವುದು ಏಳೇ ಸೀರೆ.

ಭಾಗಲಬ್ಧವನ್ನೇ ಎಸೆದು ಶೇಷವನ್ನು ಮಾತ್ರ ಇಟ್ಟುಕೊಳ್ಳುವ ಲೆಕ್ಕಗಳೂ ಉಂಟು. ಅದಕ್ಕೆ ಉದಾಹರಣೆಯನ್ನು ಯಳಂದೂರು ಒದಗಿಸುತ್ತದೆ. ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆತದ್ದು 1807ರಲ್ಲಿ. ಆ ವರ್ಷದ ಯುಗಾದಿಯಲ್ಲಿ ಆರಂಭವಾದ ಸಂವತ್ಸರ ಯಾವುದು? ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ ಅರವತ್ತು. ಮುಗಿದೊಡನೆ ಮತ್ತೆ ಮೊದಲಿನಿಂದ. ಕ್ರಿಸ್ತಶಕದಿಂದ 78ನ್ನು ಕಳೆದರೆ ಶಾಲಿವಾಹನ ಶಕ 1729. ಇದಕ್ಕೆ 12ನ್ನು ಕೂಡಿಸಿದರೆ 1741. 60ರಿಂದ ಭಾಗಿಸಿದರೆ ಭಾಗಲಬ್ಧ 29, ಶೇಷ 1. ಚಕ್ರವು ಇಪ್ಪತ್ತೊಂಬತ್ತು ಬಾರಿ ತಿರುಗಿತೆಂಬುದು ನಮಗೆ ಬೇಡ. ಶೇಷ ಒಂದಾದುದರಿಂದ ಅದು ಮೊದಲನೆಯ ಸಂವತ್ಸರ, ಪ್ರಭವ. ಅದುವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಇದೇ ಕ್ರಮದಲ್ಲಿ 1878ಕ್ಕೆ 12 ಕೂಡಿಸಿದರೆ 1890, ಶೇಷ 30, ಮೂವತ್ತನೆಯ ಸಂವತ್ಸರ ದುರ್ಮುಖಿ. ಶೇಷ ಸೊನ್ನೆ ಬಂದರೆ ಗಾಬರಿಯಾಗಬೇಕಾಗಿಲ್ಲ, ಅದು ಅರವತ್ತನೆಯದಾದ ಅಕ್ಷಯ. ವಾರಗಳನ್ನು ಏಳರಿಂದ ಭಾಗಿಸಿ ತಿಳಿಯುವುದೂ ಹೀಗೆಯೇ.

ಇದುವರೆಗೆ ಭಾಗಿಸಿ ಶೇಷವನ್ನು ಕಂಡೆವು. ಶೇಷವನ್ನು ಮೊದಲೇ ಹೇಳಿ ಸಂಖ್ಯೆಯನ್ನು ಹುಡುಕಹೇಳಿದರೆ? ಇಂಥ ಲೆಕ್ಕಗಳಲ್ಲಿ ನಮ್ಮವರು ಬಹಳ ಹಿಂದೆಯೇ ಪಳಗಿದ್ದರು. ಆರ್ಯಭಟನು 499ರಲ್ಲಿ ರಚಿಸಿದ ಗ್ರಂಥದಲ್ಲಿಯೇ ಇದರ ಕ್ರಮವಿದೆ. ಮುಂದೆ ಅದಕ್ಕೆ ಕುಟ್ಟಕವೆಂಬ ಹೆಸರು ರೂಢಿಯಾಯಿತು. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಚಿಕ್ಕದು ಮಾಡುವುದರಿಂದ ಆ ಹೆಸರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು "ಗಣಿತಸಾರಸಂಗ್ರಹ"ದಲ್ಲಿ ಇದಕ್ಕೊಂದು ಸೊಗಸಾದ ಉದಾಹರಣೆ ಕೊಟ್ಟಿದ್ದಾನೆ. ಸಮನಾದ 63 ಬಾಳೆಹಣ್ಣಿನ ರಾಶಿಗಳು, ಬಿಡಿಯಾಗಿ 7 ಹಣ್ಣುಗಳು. ಇವೆಲ್ಲವನ್ನೂ 23 ಮಂದಿ ದಾರಿಹೋಕರು ಏನೂ ಉಳಿಯದಂತೆ ಸಮವಾಗಿ ಹಂಚಿಕೊಂಡರು. ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ಬೀಜಗಣಿತವಿಲ್ಲದೆಯೂ ಬಿಡಿಸಬಹುದು. 63ರಲ್ಲಿ 23 ಎರಡು ಬಾರಿ ಹೋಗಿ 17 ಉಳಿಯುತ್ತದೆ. ಪ್ರತಿ ರಾಶಿಯಲ್ಲಿ ಒಂದೊಂದೇ ಹಣ್ಣಿದ್ದರೆ, ಈ 17ಕ್ಕೆ ಬಿಡಿಯಾದ 7 ಸೇರಿ 24. ಇಪ್ಪತ್ತಮೂರು ಮಂದಿಗೆ ಹಂಚಿದರೆ ಶೇಷ 1. ಎರಡೆರಡಾದರೆ 34ಕ್ಕೆ 7 ಸೇರಿ 41, ಶೇಷ 18. ಮೂರಾದರೆ 12, ನಾಲ್ಕಾದರೆ 6. ಶೇಷವು ಆರಾರರಂತೆ ಇಳಿಯುತ್ತಿರುವುದನ್ನು ಗಮನಿಸಿ, ಐದಾದರೆ ಸೊನ್ನೆ. ತಾಳೆ ನೋಡೋಣ. 63 ರಾಶಿಗಳಿಗೆ ಐದೈದರಂತೆ 315, ಬಿಡಿ 7, ಒಟ್ಟು 322. ಒಬ್ಬೊಬ್ಬನಿಗೆ 14 ಹಣ್ಣು. ಐದಕ್ಕೆ 23 ಕೂಡಿಸಿ ರಾಶಿಗೆ 28 ಎಂದರೂ ಲೆಕ್ಕ ಸರಿಹೋಗುತ್ತದೆ. ಆದರೆ ಆಗ ಒಬ್ಬೊಬ್ಬ ದಾರಿಹೋಕನ ಪಾಲಿಗೆ 77 ಬಾಳೆಹಣ್ಣು ಬರುತ್ತದೆ! ಗಣಿತಕ್ಕೆ ಎರಡೂ ಒಂದೇ, ಹೊಟ್ಟೆಗೆ ಹಾಗಲ್ಲ.

ಓದುಗರು ಕೈಯಾಡಿಸಲು ಇನ್ನೊಂದು ಲೆಕ್ಕ. ಬೆಟ್ಟದಲ್ಲಿ ದಾಸೋಹದ ಪಂಕ್ತಿಗೆ ಬಂದವರನ್ನು ಸಾಲಿಗೆ ಏಳು ಮಂದಿಯಂತೆ ಕೂಡಿಸಿದರೆ ಕೊನೆಗೆ 3 ಮಂದಿ ಉಳಿಯುತ್ತಾರೆ, ಹನ್ನೊಂದು ಮಂದಿಯಂತೆ ಕೂಡಿಸಿದರೆ 5 ಮಂದಿ, ಹದಿಮೂರು ಮಂದಿಯಂತೆ ಕೂಡಿಸಿದರೆ 6 ಮಂದಿ. ಬಂದವರು ಸಾವಿರಕ್ಕೆ ಕಡಿಮೆ. ಒಟ್ಟು ಎಷ್ಟು ಮಂದಿ? ಉತ್ತರವನ್ನು ಮುಂದಿನ ಸಂಚಿಕೆಗಾಗಿ ಕಾಯಬೇಕಾಗಿಲ್ಲ. ಅವರೆಲ್ಲರೂ ಹನೂರಿನಿಂದ ಹನ್ನೊಂದು ಬಸ್ಸುಗಳಲ್ಲಿ ಬಂದವರೇ.