ಶಿಕ್ಷಕಿಯ ಚೀಲದಲ್ಲಿನ ಹೊರೆ

ನಮ್ಮ ಕುಟುಂಬಗಳಲ್ಲಿ ಶಿಕ್ಷಕಿಯರಾಗಿರುವ ಸೊಸೆಯಂದಿರು, ಹೆಣ್ಣುಮಕ್ಕಳು ಅನೇಕರು. ಸಂಜೆ ಅವರೊಡನೆ ಮಕ್ಕಳ ನೋಟುಪುಸ್ತಕಗಳ ಕಟ್ಟೂ ಮನೆಗೆ ಬರುತ್ತದೆ. ರಾತ್ರಿಯ ಊಟವಾದ ಮೇಲೆಯೇ ಅದನ್ನು ಬಿಚ್ಚುವುದು.

2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವನ್ನು ಗೊತ್ತುಪಡಿಸಿದೆ. ಪಾಠದ ಸಿದ್ಧತೆಯೂ ಆ ಲೆಕ್ಕದೊಳಗೇ ಸೇರಿದೆಯೆಂಬುದನ್ನು ನಾವು ಮರೆಯುತ್ತೇವೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳ ಹೊರತು ಬೇರೆ ಶಿಕ್ಷಣೇತರ ಕಾರ್ಯಗಳಿಗೆ ಅವರನ್ನು ನಿಯೋಜಿಸಕೂಡದೆಂದು 27ನೆಯ ಕಲಮು ಹೇಳುತ್ತದೆ. ಆದರೂ ಬಿಸಿಯೂಟದ ಲೆಕ್ಕ, ಮಾಹಿತಿ ಭರ್ತಿಗಳೇ ಬಿಡುವಿನ ಅವಧಿಯನ್ನು ನುಂಗಿಬಿಡುತ್ತವೆ.

ಇವು ಶಿಕ್ಷಕಿಯ ಕೈಮೀರಿದವು. ಪುಸ್ತಕ ತಿದ್ದುವ ಕ್ರಮವಾದರೋ ಬಹುಮಟ್ಟಿಗೆ ಅವಳ ಕೈಯಲ್ಲಿದೆ. 40 ಪುಸ್ತಕಗಳಿಗೆ ತಲಾ 2 ನಿಮಿಷವೆಂದರೂ 80 ನಿಮಿಷಗಳಾದವು. ಮಕ್ಕಳು ಲೆಕ್ಕ ಬಿಡಿಸುತ್ತಿರುವಾಗಲೇ ದಿನಕ್ಕೆ ಹತ್ತು ಮಂದಿಯನ್ನು ಬಳಿಗೆ ಕರೆದು ತಿದ್ದಿದರೆ 20 ನಿಮಿಷ ಸಾಕು. ನಾಲ್ಕು ದಿನಗಳಲ್ಲಿ ಎಲ್ಲರ ಸರದಿಯೂ ಮುಗಿಯುವುದು. ತಾನೆಲ್ಲಿ ತಪ್ಪಿದೆನೆಂದು ಮಗುವಿಗೂ ಅಲ್ಲಿಯೇ ತಿಳಿಯುವುದು.

ಇದಕ್ಕೆ ಅಡ್ಡಿ ಬರುವವರು ಪಾಲಕರಾದ ನಾವೇ! ದಿನವೂ ಕೆಂಪು ಶಾಯಿಯ ಗುರುತು ಕಾಣದಿದ್ದರೆ ಶಾಲೆಗೆ ದೂರು ಒಯ್ಯುತ್ತೇವೆ. ಆ ಗುರುತಿಗಾಗಿ ನಮ್ಮ ಸೊಸೆಯೇ ರಾತ್ರಿ ಹನ್ನೊಂದರವರೆಗೆ ಕುಳಿತಿರುತ್ತಾಳೆ, ನಾಳಿನ ಪಾಠವನ್ನು ಇನ್ನೂ ತೆರೆಯದೆ.