ಬ್ಯಾಟರಿ ಹಿಂದೆ, ಎಂಜಿನ್ ಮುಂದೆ

ಹಳೆಯ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಹೊಸದು ತಂದು ಹಾಕಿದ ಮೇಲೂ ಸೆಲ್ಫ್ ‘ಟಕ್’ ಎಂದು ಸುಮ್ಮನಾದರೆ ಕೇಬಲ್‌ಗಳತ್ತ ಕಣ್ಣು ಹಾಯಿಸಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಎಂಜಿಬಿ. 1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಸ್ಪೋರ್ಟ್ಸ್ ಕಾರು ಅದು.

ಸೆಲ್ಫ್ ಬರುವ ಮುಂಚೆ ಎಂಜಿನ್ ತಿರುಗಿಸಲು ಹ್ಯಾಂಡಲ್ಲೇ ಗತಿ. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಆದರೂ ಹ್ಯಾಂಡಲ್ ಬೇಗ ಮರೆಯಾಗಲಿಲ್ಲ. ಹಳೆಯ ಅಂಬಾಸಿಡರ್‌ಗೆ ಹ್ಯಾಂಡಲ್ ಹೊಡೆದವರು ನಮ್ಮಲ್ಲೂ ಇದ್ದಾರೆ.

ಮೊದಮೊದಲು 6 ವೋಲ್ಟ್ ಸಾಕಾಗಿತ್ತು. ಎಂಜಿನ್ ದೊಡ್ಡದಾದಂತೆ ಅದರ ಕೊರತೆ ಕಾಣಿಸಿತು. ವೋಲ್ಟೇಜ್ ಅರ್ಧವಾದರೆ ಅಷ್ಟೇ ಕೆಲಸಕ್ಕೆ ಎರಡರಷ್ಟು ಆಂಪಿಯರ್ ಹರಿಯಬೇಕು, ಕೇಬಲ್ ಇನ್ನಷ್ಟು ದಪ್ಪ ಬೇಕು. ದಾರಿಯಲ್ಲಿ ಒಂದೇ ವೋಲ್ಟ್ ಸೋರಿಹೋದರೂ ಆರರಲ್ಲಿ ಒಂದು ಪಾಲು ಹೋದಂತೆ. ಅಮೆರಿಕದ ಕಾರುಗಳು 1950ರ ದಶಕದ ಮಧ್ಯದಲ್ಲಿ 12 ವೋಲ್ಟ್‌ಗೆ ಬದಲಾದವು.

ಎಂಜಿಬಿ ಕೂಡ 12 ವೋಲ್ಟ್ ಕಾರೇ. ಆದರೆ ಸೀಟಿನ ಹಿಂದೆ, ಪ್ರೊಪೆಲರ್ ಶಾಫ್ಟ್‌ನ ಎಡಕ್ಕೊಂದು ಬಲಕ್ಕೊಂದು 6 ವೋಲ್ಟ್ ಬ್ಯಾಟರಿ ಇಟ್ಟು ಸೀರೀಸ್‌ನಲ್ಲಿ ಜೋಡಿಸಿದ್ದರು. ಎಂಜಿನ್ ಇರುವುದು ಮುಂದೆ. ಹಾಗಾಗಿ ಕೇಬಲ್ ಉದ್ದ, ಟರ್ಮಿನಲ್ ದುಪ್ಪಟ್ಟು. ಎರಡರಲ್ಲೊಂದು ಬ್ಯಾಟರಿ ಸೊರಗಿದರೂ ಸೆಲ್ಫ್ ಎಳೆಯುವುದಿಲ್ಲ. ಎಷ್ಟೋ ಮಾಲೀಕರು ಈ ಜೋಡಿ ತೆಗೆದು ಒಂದೇ 12 ವೋಲ್ಟ್ ಬ್ಯಾಟರಿ ಕೂರಿಸಿಕೊಂಡಿದ್ದಾರೆ. ಕಾರ್ಖಾನೆಯೂ 1970ರ ದಶಕದಲ್ಲಿ ಅದೇ ದಾರಿ ಹಿಡಿಯಿತು.

ಹೋದ ವಿದ್ಯುತ್ತು ಬಾಡಿಯ ಮೂಲಕ ಬ್ಯಾಟರಿಗೆ ಮರಳಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ, ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಹಾಗಾಗಿ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಅರ್ತ್ ಪಟ್ಟಿ ಇರುತ್ತದೆ. ಅದು ತುಕ್ಕು ಹಿಡಿದರೆ, ಕಡಿದರೆ, ನೂರಕ್ಕೂ ಮೀರಿದ ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಸಣ್ಣ ಚೋಕ್ ಕೇಬಲ್. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ಕೆಳಗೆ ಹೊಗೆ ಎದ್ದರೆ ಮೊದಲು ಈ ಪಟ್ಟಿ ನೋಡಬೇಕು.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಮೀಟರಿನ ಒಂದು ಮೊನೆಯನ್ನು ಬಾಡಿಗೆ ಅರ್ತ್ ಆದ ಬ್ಯಾಟರಿ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಒತ್ತಿಹಿಡಿದು, ಮತ್ತೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿ ಕೆಟ್ಟಿದೆ ಎಂದರ್ಥ. ಟರ್ಮಿನಲ್ ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ.

ಇನ್ನೊಂದು ಎಚ್ಚರ: 1967ಕ್ಕೆ ಮುಂಚಿನ ಎಂಜಿಬಿಯಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ. ಇಂದಿನ ಕಾರಿನಿಂದ ಜಂಪ್ ಕೊಡುವಾಗ ಎರಡರ ಬಾಡಿ ತಗುಲಿದರೂ ಶಾರ್ಟ್ ಆಗುತ್ತದೆ. ಅಂಥ ಕಾರು ಕೊಂಡವರು ಬ್ಯಾಟರಿಯ ಮೇಲೆ ‘ಪಾಸಿಟಿವ್ ಅರ್ತ್’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಲಿ.