ಆಗುಂಬೆ ಬಂಡೆ ಮೇಲಿನ ಈ ಬಸವನಹುಳು ಸಮುದ್ರದ ನೆಂಟ!

ಆಗುಂಬೆ: ಅಡಿಕೆ ತೋಟದವರಿಗೆ ಬಸವನಹುಳು ಅಂದ್ರೆ ಉಪ್ಪು, ಸುಣ್ಣ ಹಿಡಿದು ಓಡಿಸುವ ಕಾಟ. ಆದರೆ ಘಟ್ಟದ ಝರಿಗಳಲ್ಲಿ ಇನ್ನೊಂದು ಬಸವನಹುಳು ಇದೆ. ಕಡಲೆಕಾಳಿನಷ್ಟು ಗಾತ್ರ. ಬಂಡೆ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಹೋದವರ ಕಣ್ಣಿಗೂ ಬಿದ್ದಿರಲ್ಲ. ತೋಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಒದ್ದೆ ಬಂಡೆ ಮೇಲಿನ ಪಾಚಿ ಕೆರೆದು ತಿನ್ನುವುದಷ್ಟೇ ಇದರ ಕೆಲಸ.

ವಿಜ್ಞಾನಿಗಳು ಇಟ್ಟ ಹೆಸರು ಕ್ರೆಮ್ನೊಕಾಂಕಸ್ ಆಗುಂಬೆನ್ಸಿಸ್. ಊರಿನ ಹೆಸರೇ ಹುಳುವಿಗೂ ಬಂತು. ಹನುಮಾನ್ ಗುಂಡಿ ಜಲಪಾತದ ಹೆಸರು ಹೊತ್ತ 'ಹನುಮಾನಿ' ಅನ್ನುವ ಸೋದರ ಜಾತಿಯೂ ಇದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡೇವಿಡ್ ರೀಡ್ ಜೊತೆ ನಮ್ಮವರೇ ಆದ ಎನ್.ಎ. ಅರವಿಂದ್, ಎನ್.ಎ. ಮಧ್ಯಸ್ಥ ಸೇರಿ 2013ರಲ್ಲಿ ಇವನ್ನು ಪ್ರಕಟಿಸಿದರು. ಆರು ಹೊಸ ಜಾತಿ ಸೇರಿ ಆಗ ಲೆಕ್ಕಕ್ಕೆ ಸಿಕ್ಕಿದ್ದು ಒಟ್ಟು ಒಂಬತ್ತು. ಎಲ್ಲವೂ ಪಶ್ಚಿಮ ಘಟ್ಟದವೇ, ಬೇರೆಲ್ಲೂ ಇಲ್ಲ.

ಸೋಜಿಗ ಇರೋದು ಇದರ ವಂಶದಲ್ಲಿ. ಈ ಕುಟುಂಬದ ಉಳಿದವೆಲ್ಲ ಸಮುದ್ರದವು, ಬಹುಪಾಲು ದಡದಲ್ಲಿ ಅಲೆ ಹೊಡೆಯುವ ಬಂಡೆ ಮೇಲೆ ಬದುಕುವಂಥವು. ಸಿಹಿನೀರಿಗೆ ಒಗ್ಗಿಕೊಂಡಿದ್ದು ಘಟ್ಟದ ಈ ಗುಂಪು ಮಾತ್ರ. ಸಮುದ್ರ ಮಟ್ಟದಿಂದ 300 ಮೀಟರ್‌ನಿಂದ 1400 ಮೀಟರ್ ಎತ್ತರದವರೆಗೆ, ಕಡಿದಾದ ಝರಿ, ಜಲಪಾತದ ತುಂತುರು ಬೀಳುವ ಬಂಡೆಗಳಲ್ಲಿ ಇವುಗಳ ವಾಸ. ನೋಡಿದರೆ ಇದೂ ಅಲೆಯ ಬಂಡೆಯಂಥದ್ದೇ ಜಾಗ, ಉಪ್ಪೊಂದು ಇಲ್ಲ ಅಷ್ಟೆ.

ತೋಟದ ದೊಡ್ಡ ಬಸವನಹುಳುವಿಗೆ ಗಾಳಿ ಉಸಿರಾಡುವ ಶ್ವಾಸಕೋಶ ಇದೆ. ಇದಕ್ಕೆ ಮೀನಿನ ಹಾಗೆ ಕಿವಿರು. ಹಾಗಾಗಿ ಬಂಡೆ ಒದ್ದೆಯಾಗಿರಲೇಬೇಕು. ಸಮುದ್ರದ ನೆಂಟರಲ್ಲಿ ಹೆಚ್ಚಿನವುಗಳ ಮರಿಗಳು ನೀರಲ್ಲಿ ತೇಲಿ ದೂರ ದೂರ ಹೋಗುತ್ತವೆ. ಇಲ್ಲಿ ಆ ದಾರಿ ಇಲ್ಲ. ಒಂದು ಝರಿಯಲ್ಲಿ ಹುಳು ಸತ್ತರೆ ಪಕ್ಕದ ಕಣಿವೆಯಿಂದ ಸುಲಭಕ್ಕೆ ಬಂದು ತುಂಬಿಕೊಳ್ಳೋದಿಲ್ಲ.

ಅದಕ್ಕೇ ಬೇಸಿಗೆಯ ಅಬ್ಬಿ ನೀರಿನ ಮಾತು ಬರುವುದು. ನೀರಿಗೆ ಪೈಪ್ ಹಾಕೋದು ಮಲೆನಾಡಲ್ಲಿ ಹೊಸದೇನಲ್ಲ, ತಪ್ಪೂ ಅಲ್ಲ. ಆದರೆ ಹರಿಯುವುದನ್ನೆಲ್ಲ ಪೈಪಿಗೇ ತಿರುಗಿಸಿದರೆ ಕೆಳಗಿನ ಬಂಡೆ ಒಣಗುತ್ತದೆ. ಪ್ರವಾಸಿಗರು ಝರಿಯಲ್ಲೇ ಸೋಪು, ಶಾಂಪೂ ಹಾಕಿ ಸ್ನಾನ ಮಾಡುವುದು, ಗಾಡಿ ತೊಳೆಯುವುದು ಇನ್ನೊಂದು ತೊಂದರೆ. ರಸ್ತೆ ಬದಿ ಅಂಗಡಿಯವರು ಶಾಂಪೂ ಪ್ಯಾಕೆಟ್ ಕೊಡುವಾಗ 'ಝರಿಯಲ್ಲಿ ಬೇಡ, ರೂಮಲ್ಲಿ ಹಾಕ್ಕೊಳ್ಳಿ' ಅಂತ ಒಂದು ಮಾತು ಹೇಳಿದರೆ ವ್ಯಾಪಾರಕ್ಕೇನೂ ನಷ್ಟ ಇಲ್ಲ.